ಚುಕ್ಕೆ

ಗ್ರಿಮ್ಸ್‌ಬಿಯ ಸಂತ ಹಿಲ್ಡಾ ಚರ್ಚಿನಲ್ಲಿ
ಬೆಳ್ಳಿ ಬಟ್ಟಲು ಉಜ್ಜುವ ಪಾಳಿ ನನ್ನದು.
ಶನಿವಾರ ಮೂರಕ್ಕೆ ಬೀಗ ತೆಗೆದು
ಹಳೇ ಬನಿಯನ್ನಿನ ಚೂರಿಗೆ ಪುಡಿ ಹಚ್ಚಿ
ತುಟಿ ತಾಕುವ ಅಂಚನ್ನು ಎರಡು ಸಲ ತಿಕ್ಕುತ್ತೇನೆ.
ನನ್ನ ಮುಖ ಅದರಲ್ಲಿ ಅಗಲಕ್ಕೆ, ಸೊಟ್ಟಗೆ
ಕಾಣುವ ತನಕ ಬಿಡುವುದಿಲ್ಲ.

ಬಿಳಿ ಬಟ್ಟೆಗೆ ಗಂಜಿ ಹಾಕುವುದು
ಬೆಟಗೇರಿಯಲ್ಲಿ ಅವ್ವ ಕಲಿಸಿದ್ದು.
"ಸಿಸ್ಟರ್ ಹುಲಕೋಟಿ ಹಾಕಿದ ಮಡಿಕೆಯಿಂದ
ಕಾಗದ ಕೊಯ್ಯಬಹುದು" ಅನ್ನುತ್ತಾರೆ ಪಾದ್ರಿ.
ಹೊಗಳಿಕೆ ಯಾರಿಗೆ ಬೇಡ.

ಲೆಂಟ್ ಬಂತೆಂದರೆ ಚಹಾಕ್ಕೆ ಸಕ್ಕರೆ ಇಲ್ಲ,
ಮೀನಿನೂರಿನಲ್ಲಿದ್ದೂ ಶುಕ್ರವಾರ ಮೀನಿಲ್ಲ.
ಬೂದಿ ಬುಧವಾರ ಹಣೆ ಒರೆಸಿಕೊಳ್ಳದೆ
ಹತ್ತನೇ ನಂಬರ್ ಬಸ್ಸಿನಲ್ಲಿ ಕೂತು ಬರುತ್ತೇನೆ,
ನೋಡಲಿ.

ಪ್ರತಿ ಭಾನುವಾರ ಪಾಪದ ಅರಿಕೆ.
ಎಲ್ಲರೂ ಒಟ್ಟಿಗೆ, ಒಂದೇ ರಾಗ, ತಗ್ಗಿದ ತಲೆ.
ಮಾಡಿದ್ದಕ್ಕೆ. ಮಾಡದೆ ಬಿಟ್ಟದ್ದಕ್ಕೆ.
ಬಾಯಿ ತಾನೇ ಸುತ್ತಿ ಬರುತ್ತದೆ,
ಗಾಣದೆತ್ತಿಗೆ ದಾರಿ ಹೇಳಬೇಕೆ?
ನಾನು ಓವನ್ನಿನೊಳಗಿನ ಬಟಾಟಿ ಎಣಿಸುತ್ತಿರುತ್ತೇನೆ.

ಇಪ್ಪತ್ತಾರು ವರ್ಷ, ವರ್ಷಕ್ಕೆ ಐವತ್ತೆರಡು ಸಲ.
ಗುಣಿಸಿ ನೋಡಿ. ಲೆಕ್ಕದಲ್ಲಿ ನಾನು ತಪ್ಪುವವಳಲ್ಲ,
ಒಂದು ರಾತ್ರಿ ಬಿಟ್ಟರೆ.

ನಾಲ್ಕನೇ ವಾರ್ಡು.
ಸೊನ್ನೆ, ಚುಕ್ಕೆ, ಐದು ಎಂದು ಬರೆಯಬೇಕಿತ್ತು.
ಚುಕ್ಕೆ ಬೀಳಲಿಲ್ಲ. ಔಷಧಿ ಹತ್ತು ಪಟ್ಟು ಹೋಯಿತು.
ಮುದುಕ ಬದುಕಿಕೊಂಡ,
ಮೂರು ದಿನ ಕಣ್ಣು ತೆರೆಯದೆ ಮಲಗಿ.
ವಿಚಾರಣೆಯ ಹೊತ್ತಿಗೆ ಚೀಟಿಯಲ್ಲಿ ಚುಕ್ಕೆ ಇತ್ತು.
ನೀಲಿ ಶಾಯಿ, ನನ್ನ ಪೆನ್ನು.
ಸೂಜಿ ಹಿಡಿದಿದ್ದ ಕೈ ಡೋರೀನ್ ಓಡ್ಲಿಂಗ್‌ಳದು.
ಅವಳು ನನ್ನ ಮುಖ ನೋಡಿದಳು.
ನಾನು ಗೋಡೆಯ ಗಡಿಯಾರ ನೋಡಿದೆ.

ಆಮೇಲೆ ಅವಳು ಹಡಗುಕಟ್ಟೆಯ ಕಾರ್ಖಾನೆಯಲ್ಲಿ
ಹ್ಯಾಡಕ್ ಮೀನು ಸೀಳಿದಳು, ಬೆರಳು ಸೆಟೆಯುವ ತನಕ.
ಚರ್ಚಿಗೆ ಬರುತ್ತಾಳೆ. ಬಲಗಡೆ, ಕಂಬದ ಹಿಂದೆ.
ಸಮಾಧಾನ ಹೇಳಿ ಕೈಕುಲುಕುವ ಹೊತ್ತಿನಲ್ಲಿ
ನಾನು ಎಡಗಡೆಯವರನ್ನು ಒಬ್ಬೊಬ್ಬರಾಗಿ ಮುಗಿಸುವಷ್ಟರಲ್ಲಿ
ಆರ್ಗನ್ ಶುರುವಾಗಿರುತ್ತದೆ.
ಇದನ್ನೂ ಎಷ್ಟು ಚೆನ್ನಾಗಿ ರೂಢಿ ಮಾಡಿಕೊಂಡಿದ್ದೇನೆ.

ಮೊನ್ನೆ ಆರ್ಗನ್ ನುಡಿಸುವವನ ಮಗಳಿಗೆ ಜ್ವರ.
ಸಂಗೀತವಿಲ್ಲ. ಸಮಾಧಾನ ಮುಗಿಯಲೇ ಇಲ್ಲ.
ಎಡಗಡೆಯ ಕೈಗಳೆಲ್ಲ ಖರ್ಚಾದವು,
ಮಕ್ಕಳ ಕೈಗಳೂ, ಕಿವುಡ ಕ್ಲೆಮೆಂಟ್‌ನದೂ.
ಕಂಬದ ಹಿಂದಿನಿಂದ ಅವಳು ಬಂದಳು, ಊರುಗೋಲು ಹಿಡಿದು,
ಕೈ ನೀಡಿದಳು. ಮೀನು ಬಿಟ್ಟು ಎಂಟು ವರ್ಷವಾದರೂ
ಆ ಕೈ ಇನ್ನೂ ತಣ್ಣಗಿತ್ತು.
"ಸಮಾಧಾನ" ಅಂದಳು.
ಪುಸ್ತಕದಲ್ಲಿ ಅಚ್ಚಾದ ಉತ್ತರ ಮೂರೇ ಮಾತು.
ಸಾವಿರದ ಮುನ್ನೂರ ಐವತ್ತೆರಡು ಭಾನುವಾರ ಹೇಳಿದ ಬಾಯಿಗೆ
ಅದು ಸಿಗಲಿಲ್ಲ.

ಬಟ್ಟಲು ನನ್ನ ಮುಂದೆ ಬಂದಾಗ
ಫಳಫಳ ಹೊಳೆಯುತ್ತಿತ್ತು, ನಾನೇ ಉಜ್ಜಿದ್ದು.
ತಲೆಯಾಡಿಸಿದೆ. ಮುಂದಿನವರಿಗೆ ದಾಟಿಸಿದರು.

ಸೋಮವಾರ, ಗಾಳಿ ಸಮುದ್ರದ ಕಡೆಯಿಂದ,
ಮೂವತ್ತೊಂದನೇ ಮನೆಯ ಗಂಟೆ ಒತ್ತಿದೆ.
ಕೇಕು ತಂದಿರಲಿಲ್ಲ, ಹೂವೂ ಇಲ್ಲ.
ತಂದಿದ್ದರೆ ಅದರ ಹಿಂದೆಯೇ ಅಡಗಿಕೊಳ್ಳುತ್ತಿದ್ದೆ.
ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು
ಅವಳ ಹಳದಿ ಕಾರ್ಡಿಗನ್ ಕಂಡದ್ದೇ ಕಳಚಿಬಿತ್ತು.
ಆಮೆನ್ ಇಲ್ಲದ ಮಾತೊಂದೇ ಉಳಿಯಿತು:
"ಚುಕ್ಕೆ ಆಮೇಲೆ ಇಟ್ಟವಳು ನಾನು."

ಎಷ್ಟು ಹೊತ್ತಾಯಿತೋ,
ಈ ಸಲ ನೋಡಲು ಗಡಿಯಾರವಿರಲಿಲ್ಲ.
ಬಾಗಿಲ ಚೌಕಟ್ಟಿಗೆ ಊರುಗೋಲು ಒರಗಿಸಿ
ಅವಳು ಹೇಳಿದ್ದು ಇಷ್ಟು:
"ಬರೋದಾದರೆ ಬಾ, ಹೋಗೋದಾದರೆ ಹೋಗು.
ಒಳಗಿನ ಬಿಸಿಯೆಲ್ಲ ಬೀದಿಪಾಲಾಗ್ತಿದೆ."